ಕಣ್ಣಾರೆ ಕಂಡವರಿಲ್ಲದ ಕೊಲೆ ಕೇಸು, ಹೈಕೋರ್ಟ್ ಅಪೀಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಅಂತ ಓದಿ ಹೇಳಿ, ಆರೋಪಿಯನ್ನು ವ್ಯಾನ್ ಹತ್ತಿಸಿ ಸೋಗಾನೆ ಜೈಲಿಗೆ ಕರೆದುಕೊಂಡು ಹೋದ ಮೇಲೆ ಮನೆಯವರು ಕ್ಯಾಂಟೀನ್ ಮುಂದೆ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಆ ಹೊತ್ತಿನಲ್ಲಿ ಏನು ಹೇಳಿದರೂ ಅವರ ತಲೆಗೆ ಹೋಗುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ, ಮನೆಗೆ ಹೋಗಿ ನಿಧಾನಕ್ಕೆ ಓದಿಕೊಳ್ಳಲಿ ಅಂತ.

ಯಾರೂ ನೋಡೇ ಇಲ್ಲ. ಮತ್ತೆ ಶಿಕ್ಷೆ ಹೇಗೆ ಕೊಟ್ಟರು?

ಕೊಡಬಹುದು. ಕೊಲೆ ಮಾಡುವವನು ನಾಲ್ಕು ಜನರನ್ನು ಕರೆದು ಕೂರಿಸಿಕೊಂಡು ಮಾಡುವುದಿಲ್ಲ ಅಲ್ವಾ. ಕಂಡವರಿಲ್ಲದಿದ್ದಾಗ ಸುತ್ತಮುತ್ತಲ ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿ, ಇವನೇ ಮಾಡಿದ್ದು ಅನ್ನುವ ತೀರ್ಮಾನಕ್ಕೆ ಕೋರ್ಟು ಬರಬಹುದು. ಇದನ್ನೇ ಸಾಂದರ್ಭಿಕ ಸಾಕ್ಷ್ಯ ಅನ್ನುವುದು. ಹೆಣ ಸಿಗದೇ ಇದ್ದರೂ ಶಿಕ್ಷೆ ಆಗಬಹುದು ಅಂತ 1981ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ "ನೋಡಿದವರಿಲ್ಲ, ಕೇಸು ಬಿದ್ದುಹೋಗುತ್ತೆ" ಅಂತ ಊರಿನಲ್ಲಿ ಯಾರಾದರೂ ಧೈರ್ಯ ಹೇಳಿದ್ದರೆ ಅದನ್ನು ಮರೆತುಬಿಡಿ.

ಹಾಗಾದರೆ ಎಷ್ಟು ಸಂಗತಿ ಸಿಕ್ಕಿದರೆ ಸಾಕು?

ಇದು ಲೆಕ್ಕದ ವಿಷಯ ಅಲ್ಲ. ಹತ್ತು ಸಡಿಲ ಸಂಗತಿಗಳನ್ನು ಸೇರಿಸಿದರೂ ಒಂದು ಗಟ್ಟಿ ಸಂಗತಿ ಆಗುವುದಿಲ್ಲ.

ಎಲ್ಲ ವಕೀಲರೂ ಹೇಳುವ ತೀರ್ಪು ಶರದ್ ಬಿರ್ಧಿಚಂದ್ ಸರ್ದಾ ಕೇಸಿನದು, 1984. ಪುಣೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಸೈನೈಡ್ ವಿಷದಿಂದ ಸತ್ತಿದ್ದಳು. ಗಂಡನೇ ಕೊಂದ ಅಂತ ಕೆಳಗಿನ ಕೋರ್ಟು ಗಲ್ಲು ಕೊಟ್ಟಿತ್ತು, ಹೈಕೋರ್ಟೂ ಅದನ್ನೇ ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆ ಮಾಡಿತು, ಆತ್ಮಹತ್ಯೆಯ ಸಾಧ್ಯತೆಯನ್ನು ತಳ್ಳಿಹಾಕಲು ಆಗಲಿಲ್ಲ. ಆಗ ಹೇಳಿದ ಐದು ಸೂತ್ರಗಳಿಗೆ ಪಂಚಶೀಲ ಅಂತಲೇ ಹೆಸರು ಬಿದ್ದಿದೆ. ಸರಳವಾಗಿ ಹೇಳಿದರೆ ಹೀಗೆ: ಒಂದೊಂದು ಸಂಗತಿಯೂ ತನ್ನಷ್ಟಕ್ಕೆ ಪೂರ್ತಿ ಸಾಬೀತಾಗಿರಬೇಕು, ಅವೆಲ್ಲ ಇವನ ಕಡೆಗೇ ಬೆರಳು ತೋರಿಸಬೇಕು, ಆ ಬೆರಳು ಅತ್ತಿತ್ತ ಅಲ್ಲಾಡಬಾರದು, ಬೇರೆ ಯಾವ ವಿವರಣೆಗೂ ಜಾಗ ಇರಬಾರದು, ಮತ್ತು ಸರಪಳಿಯಲ್ಲಿ ಎಲ್ಲೂ ಕೊಂಡಿ ತಪ್ಪಿರಬಾರದು. "ಮಾಡಿರಬಹುದು" ಅನ್ನುವುದಕ್ಕೂ "ಮಾಡಿರಲೇಬೇಕು" ಅನ್ನುವುದಕ್ಕೂ ತುಂಬಾ ದೂರ ಇದೆ ಅಂತ 1973ರಲ್ಲಿ ಬೋಬಡೆ ಕೇಸಿನಲ್ಲಿ ಹೇಳಿದ್ದ ಮಾತನ್ನು ಅಲ್ಲಿ ಮತ್ತೆ ನೆನಪಿಸಿದ್ದಾರೆ.

ಅಂದಹಾಗೆ ಈ ಸರಪಳಿ ಮಾತಿನ ಮೂಲ 1952ರ ಹನುಮಂತ ನರಗುಂದಕರ್ ಕೇಸು. ಕೊಲೆ ಕೇಸುಗಳಲ್ಲೆಲ್ಲ ಅದನ್ನು ಹೇಳುತ್ತೇವೆ, ಆದರೆ ಅದು ಕೊಲೆ ಕೇಸೇ ಅಲ್ಲ. ಮಧ್ಯಪ್ರದೇಶದ ಸಿವನಿಯ ಡಿಸ್ಟಿಲರಿ ಟೆಂಡರಿಗೆ ಸಂಬಂಧಪಟ್ಟ ಖೋಟಾ ಪತ್ರದ ಕೇಸು. ನನ್ನ ಜೂನಿಯರ್‌ಗಳಿಗೆ ಇದನ್ನು ಹೇಳಿದಾಗೆಲ್ಲ ನಗುತ್ತಾರೆ.

ಉದಾಹರಣೆ ಕೊಟ್ಟು ಹೇಳಿ.

ಒಂದು ಕೇಸು ಕಲ್ಪಿಸಿಕೊಳ್ಳೋಣ. ತೀರ್ಥಹಳ್ಳಿ ಕಡೆಯ ಒಂದು ಊರು. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಅಡಿಕೆ ಕೊನೆ ಕೊಯ್ಲು ಶುರುವಾಗಿದೆ. ಬೆಳಗ್ಗೆ ತೋಟದ ಬಸಿಗಾಲುವೆಯಲ್ಲಿ ಒಬ್ಬನ ಹೆಣ, ಕುತ್ತಿಗೆಯಲ್ಲಿ ಕಡಿದ ಗಾಯ. ಪಕ್ಕದ ತೋಟದವನ ಮೇಲೆ ಕೇಸಾಗುತ್ತದೆ. ಇಬ್ಬರಿಗೂ ತೋಟಕ್ಕೆ ಹೋಗುವ ದಾರಿಗಾಗಿ ಹಳೇ ಜಗಳ. ಹಿಂದಿನ ಸಂಜೆ ಅಂಗಡಿ ಕಟ್ಟೆಯ ಮೇಲೆ ಇಬ್ಬರನ್ನೂ ಒಟ್ಟಿಗೆ ಕಂಡವರಿದ್ದಾರೆ. ಆರೋಪಿಯೇ ಕೊಟ್ಟಿಗೆ ಅಟ್ಟದಿಂದ ಕತ್ತಿ ತೆಗೆದುಕೊಟ್ಟ ಅಂತ ಮಹಜರು, ಅಂದರೆ ಸಾಕ್ಷಿಗಳ ಮುಂದೆ ಪೊಲೀಸರು ಬರೆದ ಪಂಚನಾಮೆ, ಇದೆ. ಲುಂಗಿ ಮೇಲೆ ಕಲೆ. ಮೊಬೈಲು ಆ ರಾತ್ರಿ ಅದೇ ಟವರಿನಲ್ಲಿತ್ತು.

ಕೇಳಿದರೆ ಮುಗಿದೇ ಹೋಯಿತು ಅನ್ನಿಸುತ್ತೆ ಅಲ್ವಾ? ಸೆಷನ್ಸ್ ಕೋರ್ಟಿಗೂ ಹಾಗೇ ಅನ್ನಿಸಿತು ಅಂತಿಟ್ಟುಕೊಳ್ಳಿ. ಅಪೀಲಿನಲ್ಲಿ ನಾವು ಮಾಡುವ ಕೆಲಸ ಇಷ್ಟೇ: ಆ ಕಥೆಯನ್ನು ಒಡೆದು ಒಂದೊಂದೇ ಕೊಂಡಿಯನ್ನು ಕೈಗೆ ತೆಗೆದುಕೊಂಡು ಜಗ್ಗಿ ನೋಡುವುದು. ಕೆಳಗಿನ ಐದಾರು ಪ್ರಶ್ನೆಗಳು ಆ ಕೊಂಡಿಗಳ ಬಗ್ಗೆಯೇ.

"ಕೊನೆಗೆ ಜೊತೆಗಿದ್ದವನು ಇವನೇ" ಅಂತ ಸಾಕ್ಷಿ ಹೇಳಿದ್ದಾರೆ. ಅಷ್ಟು ಸಾಕಾ?

ಅದೊಂದೇ ಆದರೆ ಸಾಮಾನ್ಯವಾಗಿ ಸಾಲದು. ಒಟ್ಟಿಗೆ ಕಂಡದ್ದು ಎಷ್ಟು ಗಂಟೆಗೆ, ಸತ್ತದ್ದು ಎಷ್ಟು ಗಂಟೆಗೆ? ಈ ಅಂತರ ತೀರಾ ಕಡಿಮೆ ಇರಬೇಕು, ನಡುವೆ ಬೇರೆ ಯಾರೂ ಬರುವ ಸಾಧ್ಯತೆ ಇರಬಾರದು. ಸಂಜೆ ಆರಕ್ಕೆ ಅಂಗಡಿ ಕಟ್ಟೆಯಲ್ಲಿ ಕಂಡರು, ಹೆಣ ಸಿಕ್ಕಿದ್ದು ಬೆಳಗ್ಗೆ ಏಳಕ್ಕೆ. ಹದಿಮೂರು ಗಂಟೆ. ಆ ಹೊತ್ತಿನಲ್ಲಿ ಯಾರು ಬಂದರೋ ಯಾರು ಹೋದರೋ.

ಈಗ ಮರಣೋತ್ತರ ವರದಿ ತೆಗೆಯಿರಿ. ಹೊಟ್ಟೆಯಲ್ಲಿ ಅನ್ನ ಎಷ್ಟು ಕರಗಿತ್ತು, ಹೆಣ ಎಷ್ಟು ಸೆಟೆದಿತ್ತು ಅಂತ ಬರೆದಿರುತ್ತಾರೆ. ನೀರಿನಲ್ಲಿ, ಥಂಡಿಯಲ್ಲಿ ಇದ್ದ ಹೆಣ ಕೊಳೆಯುವುದು ನಿಧಾನ. ಸಮಯ ಹೇಳುವಾಗ ಡಾಕ್ಟರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರಾ, ಪಾಟಿ ಸವಾಲಿನಲ್ಲಿ ಯಾರಾದರೂ ಅದನ್ನು ಕೇಳಿದ್ದಾರಾ ಅಂತ ನೋಡಬೇಕು. ನಮ್ಮ ಕಡೆ ಬಹಳ ಕೇಸುಗಳಲ್ಲಿ ಕೇಳಿರುವುದೇ ಇಲ್ಲ.

ಕತ್ತಿ ಇವನೇ ತೋರಿಸಿಕೊಟ್ಟ ಅಂತ ಮಹಜರು ಇದೆಯಲ್ಲ?

ಇದಕ್ಕೆ ಉದ್ದದ ಉತ್ತರ ಬೇಕು, ತಾಳ್ಮೆಯಿಂದ ಓದಿ.

ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಆದರೆ ಒಂದು ಕಿಂಡಿ ಇದೆ, ಹಳೇ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಸೆಕ್ಷನ್ನಿನೊಳಗೆ ಸೇರಿಕೊಂಡಿದೆ. ಆರೋಪಿ ಹೇಳಿದ ಮಾತಿನಿಂದ ಏನಾದರೂ ಹೊಸದಾಗಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ ಬ್ರಿಟಿಷರ ಕಾಲದ ಕೊನೆಯ ಅಪೀಲು ಕೋರ್ಟಾದ ಪ್ರಿವಿ ಕೌನ್ಸಿಲ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. "ನಾನು ಇಂಥವನನ್ನು ಇರಿದ ಚಾಕುವನ್ನು ಮನೆ ಮಾಡಿನಲ್ಲಿ ಅಡಗಿಸಿದ್ದೇನೆ, ತೆಗೆದುಕೊಡುತ್ತೇನೆ" ಅಂದರೆ, ಅಡಗಿಸಿದ್ದು ಮತ್ತು ತೆಗೆದುಕೊಡುವುದು ಒಳಗೆ ಬರುತ್ತದೆ, "ಇರಿದ" ಅನ್ನುವುದು ಹೊರಗೆ ಉಳಿಯುತ್ತದೆ. ಅಂದರೆ ಕತ್ತಿ ಅಟ್ಟದಲ್ಲಿ ಇರುವುದು ಇವನಿಗೆ ಗೊತ್ತಿತ್ತು ಅನ್ನುವಷ್ಟೇ ಸಾಬೀತಾಗುವುದು. ಅವನ ಮನೆ ಅಟ್ಟ, ಅವನ ಕತ್ತಿ. ಗೊತ್ತಿರದೆ ಇರುತ್ತದಾ? ಮಲೆನಾಡಿನಲ್ಲಿ ಕತ್ತಿ ಇಲ್ಲದ ಮನೆ ಯಾವುದಿದೆ ಹೇಳಿ.

ಹಾಗಾಗಿ ಮಹಜರು ಓದುವಾಗ ನಾನು ಮೊದಲು ನೋಡುವುದು ಆರೋಪಿ ಹೇಳಿದ ಮಾತನ್ನು ಅವನ ಬಾಯಲ್ಲಿ ಬಂದಂತೆಯೇ ಬರೆದಿದ್ದಾರಾ ಅಂತ. ಆಮೇಲೆ, ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತಾ, ಪಂಚರು (ಮಹಜರಿಗೆ ಸಾಕ್ಷಿ ಹಾಕಿದವರು) ಯಾರು, ಸೀಲು ಹಾಕಿದ್ದು ಎಲ್ಲಿ, ಪ್ರಯೋಗಾಲಯಕ್ಕೆ ಕಳಿಸುವ ತನಕ ಆ ಮುದ್ದೆಮಾಲು ಯಾರ ಸುಪರ್ದಿನಲ್ಲಿತ್ತು. ನಾನೇ ನಡೆಸಿದ ಒಂದು ಕೇಸಿನಲ್ಲಿ ಪಂಚ ಪಾಟಿ ಸವಾಲಿನಲ್ಲಿ ಸರಳವಾಗಿ ಹೇಳಿಬಿಟ್ಟ: "ಗಾಡಿ ದಾಖಲೆ ಕೇಳೋಕೆ ಠಾಣೆಗೆ ಹೋಗಿದ್ದೆ ಸ್ವಾಮಿ, ಇಲ್ಲೊಂದು ಸೈನ್ ಹಾಕು ಅಂದ್ರು, ಹಾಕ್ದೆ." ಮಹಜರಿನಲ್ಲಿ ಮಾತ್ರ ಅವನು ಕಾಡಿನ ದಾರಿಯಲ್ಲಿ ಮೂರು ಕಿಲೋಮೀಟರ್ ನಡೆದಿದ್ದ.

ಪಂಚರು ಪ್ರತಿಕೂಲ ಆದ ತಕ್ಷಣ ಮಹಜರು ಸತ್ತುಹೋಯಿತು ಅಂತಲೂ ಅಲ್ಲ. ತನಿಖಾಧಿಕಾರಿಯ ಸಾಕ್ಷ್ಯ ನಂಬುವ ಹಾಗಿದ್ದರೆ ಕೋರ್ಟು ಅದನ್ನೇ ನಂಬಬಹುದು.

ಲುಂಗಿ ಮೇಲೆ ರಕ್ತ ಇತ್ತು ಅಂದಿದ್ದಾರೆ.

ರಕ್ತವೋ, ಅಡಿಕೆ ಚೊಗರೋ (ಅಡಿಕೆ ಬೇಯಿಸಿದ ಕೆಂಪು ನೀರು)? ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯ ಯಾವ ಗಂಡಸಿನ ಲುಂಗಿ, ಬನೀನು ನೋಡಿದರೂ ಕೆಂಗಂದು ಕಲೆ ಇದ್ದೇ ಇರುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಕಣ್ಣಳತೆಯಲ್ಲಿ "ರಕ್ತದಂತಹ ಕಲೆ" ಅಂತ ಮಹಜರಿನಲ್ಲಿ ಬರೆದದ್ದಕ್ಕೆ ಬೆಲೆ ಇಲ್ಲ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬೇಕು.

ವರದಿಯಲ್ಲಿ ರಕ್ತ ಅಂತ ಬಂತು ಅನ್ನಿ. ಮನುಷ್ಯನದಾ? ಮನುಷ್ಯನದೇ ಅಂತ ಬಂದರೂ ಯಾರದು? ಮಳೆಗಾಲದಲ್ಲಿ ತೋಟಕ್ಕೆ ಇಳಿದವನ ಕಾಲಿಗೆ ಉಂಬಳ (ಜಿಗಣೆ) ಹತ್ತದೆ ಇರುತ್ತದಾ? ಅದು ಬಿಟ್ಟ ಮೇಲೂ ರಕ್ತ ಸುಮ್ನೆ ಹರಿಯುತ್ತಲೇ ಇರುತ್ತದೆ, ಪಂಚೆಯೆಲ್ಲ ಕೆಂಪಾಗುತ್ತದೆ. ಅದೂ ಮನುಷ್ಯರ ರಕ್ತವೇ, ಅವನದ್ದೇ ರಕ್ತ. ಗುಂಪು ಹೊಂದಿಕೆ ಆಗಿದೆಯಾ, ಆರೋಪಿಯ ಗುಂಪು ಯಾವುದು ಅಂತ ದಾಖಲೆಯಲ್ಲಿ ಇದೆಯಾ, ಡಿಎನ್‌ಎ ಮಾಡಿಸಿದ್ದಾರಾ ನೋಡಿ. ಸತ್ತವನದೂ ಆರೋಪಿಯದೂ ಒಂದೇ ಗುಂಪಾಗಿದ್ದರೆ ಗುಂಪಿನ ವರದಿಯಿಂದ ಏನೂ ತಿಳಿಯುವುದಿಲ್ಲ. ಡಿಎನ್‌ಎ ಸರಿಯಾಗಿ ಹೊಂದಿಕೆಯಾಗಿದ್ದರೆ ಮಾತ್ರ ಈ ಚೊಗರು, ಉಂಬಳದ ವಾದವೆಲ್ಲ ಮೂಲೆಗೆ ಹೋಗುತ್ತದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊಬೈಲ್ ಟವರ್?

ಮಲೆನಾಡಿನಲ್ಲಿ ಒಂದು ಟವರಿಗೆ ಎಷ್ಟು ಊರು ಬೀಳುತ್ತವೆ ಅಂತ ನಿಮಗೇ ಗೊತ್ತು. ಫೋನು ಆ ಟವರಿನಲ್ಲಿತ್ತು ಅಂದರೆ ಆರೋಪಿ ತನ್ನ ಮನೆಯಲ್ಲಿ ಮಲಗಿದ್ದ ಅಂತಲೂ ಆಗಬಹುದು, ಏಕೆಂದರೆ ಮನೆಯೂ ಅದೇ ಟವರಿನ ಕೆಳಗೆ. ಊರಲ್ಲೇ ಇರಲಿಲ್ಲ ಅಂತ ಇವನು ಸುಳ್ಳು ಹೇಳಿದ್ದರೆ ಮಾತ್ರ ಅದು ಇವನಿಗೆ ಮುಳುವಾಗುತ್ತದೆ.

ಇನ್ನೊಂದು, ಕರೆಗಳ ಪಟ್ಟಿಗೂ ಸಿಸಿಟಿವಿಯ ನಕಲಿಗೂ ಪ್ರಮಾಣಪತ್ರ ಬೇಕು. ಹಳೇ ಕಾಯ್ದೆಯಲ್ಲಿ 65-ಬಿ, ಹೊಸದರಲ್ಲಿ 63. ಇದು ಕಡ್ಡಾಯ ಅಂತ 2014ರಲ್ಲಿ ಅನ್ವರ್ ಕೇಸಿನಲ್ಲೂ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಕೇಸಿನಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ.

ಪೊಲೀಸ್ ನಾಯಿ ನಮ್ಮ ಮನೆ ಮುಂದೆ ಬಂದು ನಿಂತಿತು.

ನಾಯಿಗೆ ಪಾಟಿ ಸವಾಲು ಹಾಕಲು ಆಗುವುದಿಲ್ಲ. ಅದರ ಮೇಲೆ ಶಿಕ್ಷೆ ನಿಲ್ಲುವುದಿಲ್ಲ, ಚಿಂತೆ ಬಿಡಿ.

ಹಳೇ ದ್ವೇಷ ಇತ್ತು ಅನ್ನುವುದನ್ನೇ ದೊಡ್ಡದು ಮಾಡಿದ್ದಾರೆ.

ಕಂಡವರಿಲ್ಲದ ಕೇಸಿನಲ್ಲಿ ಉದ್ದೇಶಕ್ಕೆ ತೂಕ ಜಾಸ್ತಿ, ನಿಜ. ಆದರೆ ದ್ವೇಷ ಎರಡು ಕಡೆಗೂ ಕಡಿಯುವ ಕತ್ತಿ. ದಾರಿ ಜಗಳ ಇದ್ದದ್ದರಿಂದಲೇ ಕೊಂದ ಅಂತ ಅವರು ಅನ್ನುತ್ತಾರೆ, ದಾರಿ ಜಗಳ ಇದ್ದದ್ದರಿಂದಲೇ ಇವನ ಹೆಸರು ಹೇಳಿದರು ಅಂತ ನಾವು ಅನ್ನುತ್ತೇವೆ. ಮೊದಲ ದೂರಿನಲ್ಲಿ ಇವನ ಹೆಸರು ಇತ್ತಾ, ಅಥವಾ ಅಸಹಜ ಸಾವು ಅಂತ ದಾಖಲಾಗಿ ನಾಲ್ಕು ದಿನದ ಮೇಲೆ ಹೆಸರು ಸೇರಿತಾ, ಅದನ್ನು ನೋಡಿ.

ಸಾವು ಮನೆಯೊಳಗೇ ಆಗಿದೆ. ಗಂಡ ಹೆಂಡತಿ ಇಬ್ಬರೇ ಇದ್ದರು. ಆಗ?

ಇದು ಕಷ್ಟದ ಜಾಗ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ವಿವರಿಸುವ ಹೊರೆ ಅವನ ಮೇಲೇ ಇರುತ್ತದೆ. ಸಾಕ್ಷ್ಯ ಕಾಯ್ದೆಯ ಹಳೇ 106, ಹೊಸ 109. ರಾತ್ರಿ ಮುಚ್ಚಿದ ಮನೆಯಲ್ಲಿ ಹೆಂಡತಿ ಸತ್ತಿದ್ದಾಳೆ, ಗಂಡ ಬಾಯಿ ಬಿಡುವುದಿಲ್ಲ ಅಥವಾ ಸುಳ್ಳು ಹೇಳುತ್ತಾನೆ ಅಂದರೆ ಅದೂ ಒಂದು ಕೊಂಡಿಯಾಗುತ್ತದೆ, 2006ರ ತ್ರಿಮುಖ ಮಾರುತಿ ಕಿರ್ಕನ್ ತೀರ್ಪು ಹೇಳುವುದು ಇದನ್ನೇ. ಆದರೂ ಮೊದಲ ಹೊರೆ ಸರ್ಕಾರದ್ದೇ. ಅವನು ಆ ರಾತ್ರಿ ಮನೆಯಲ್ಲಿದ್ದ ಅನ್ನುವುದನ್ನಾದರೂ ಅವರು ಮೊದಲು ಸಾಬೀತು ಮಾಡಬೇಕು.

ಜಡ್ಜ್ ಕೇಳಿದಾಗ ನಮ್ಮ ತಮ್ಮ ಎಲ್ಲಕ್ಕೂ "ಗೊತ್ತಿಲ್ಲ, ಸುಳ್ಳು" ಅಂದುಬಿಟ್ಟ. ತಪ್ಪಾಯಿತಾ?

ಹಳೇ ದಂಡ ಪ್ರಕ್ರಿಯಾ ಸಂಹಿತೆಯ 313ರ ಹೇಳಿಕೆ ಅದು, ಹೊಸ ಸಂಹಿತೆಯಲ್ಲಿ ಈಗ 351. ನೂರಕ್ಕೆ ತೊಂಬತ್ತು ಜನ ಹಾಗೇ ಹೇಳುತ್ತಾರೆ ಅಂತ ನನ್ನ ಅಂದಾಜು. ವಿವರಣೆ ಇದ್ದೂ ಹೇಳದೆ ಬಿಟ್ಟಿದ್ದರೆ ಒಂದು ಅವಕಾಶ ಹೋಯಿತು. ಆದರೆ ಸುಳ್ಳು ಹೇಳಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಸರ್ಕಾರದ ಸರಪಳಿಯ ತೂತು ಮುಚ್ಚುವುದಿಲ್ಲ. ಸರಪಳಿ ಮೊದಲೇ ಪೂರ್ತಿ ಇದ್ದರೆ ಅದು ಇನ್ನೊಂದು ಕೊಂಡಿ ಅಷ್ಟೇ. ಇನ್ನೊಂದು ಕಡೆಯಿಂದ ನೋಡಿ: ಶಿಕ್ಷೆಗೆ ಬಳಸಿಕೊಂಡ ಸಂಗತಿಯ ಬಗ್ಗೆ ಅವನನ್ನು ಆ ದಿನ ಕೇಳದೇ ಇದ್ದರೆ ಅದು ನಮಗೆ ಒಳ್ಳೆಯ ವಾದ.

ಅಪೀಲು ಎಲ್ಲಿ, ಎಷ್ಟು ದಿನದೊಳಗೆ?

ಶಿವಮೊಗ್ಗ ಜಿಲ್ಲೆಯದೆಲ್ಲ ಬೆಂಗಳೂರಿನ ಹೈಕೋರ್ಟ್ ಪ್ರಧಾನ ಪೀಠಕ್ಕೆ. ಸಾಗರದವರು ಹಲವರು ಧಾರವಾಡ ಅಂದುಕೊಳ್ಳುತ್ತಾರೆ. ಪಕ್ಕದ ಸಿದ್ದಾಪುರ ಉತ್ತರ ಕನ್ನಡಕ್ಕೆ ಸೇರಿದ್ದು, ಅಲ್ಲಿಯದು ಧಾರವಾಡಕ್ಕೆ ಹೋಗುತ್ತದೆ, ನಿಮ್ಮದು ಇಲ್ಲ.

ಜೀವಾವಧಿ ಆಗಿದ್ದರೆ 60 ದಿನ, ಗಲ್ಲು ಆಗಿದ್ದರೆ 30 ದಿನ. ಗಲ್ಲು ಶಿಕ್ಷೆ ಹೇಗೂ ಹೈಕೋರ್ಟ್ ಒಪ್ಪದೆ ಜಾರಿಯಾಗುವುದಿಲ್ಲ. ತೀರ್ಪಿನ ಒಂದು ಪ್ರತಿಯನ್ನು ಶಿಕ್ಷೆಯಾದವನಿಗೆ ಬಿಟ್ಟಿಯಾಗಿ ಕೊಡಲೇಬೇಕು, ಅದಕ್ಕೆ ಯಾರಿಗೂ ಏನೂ ಕೊಡಬೇಡಿ. ದಿನ ಮೀರಿದ್ದರೆ ತಡವಾದದ್ದಕ್ಕೆ ಕಾರಣ ಹೇಳಿ ಮನ್ನಾ ಕೇಳಬಹುದು. ಮೂರು ವರ್ಷ ಆದ ಮೇಲೆ ಬಂದು "ಈಗ ಆಗುತ್ತಾ" ಅಂತ ಕೇಳಿದವರೂ ಇದ್ದಾರೆ. ಕೇಳಿ ನೋಡಬಹುದು, ಗ್ಯಾರಂಟಿ ಇಲ್ಲ.

ಹಣ ಇಲ್ಲ. ತೋಟ ಅಡವಿಡಬೇಕಾ?

ಬೇಡ, ಮೊದಲು ಇದನ್ನು ಓದಿ. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಜೈಲಿನ ಅಧಿಕಾರಿಗಳ ಮೂಲಕವೇ ಅಪೀಲು ಕಳಿಸುವುದಕ್ಕೂ ಅವಕಾಶ ಇದೆ. ಬಿಟ್ಟಿ ವಕೀಲರು ಅಂದರೆ ಕಳಪೆ ಅಂತ ನಮ್ಮವರಿಗೆ ಒಂದು ಗುಮಾನಿ. ಕೆಲವರು ಹಾಗೂ ಇರುತ್ತಾರೆ, ಕೆಲವರು ದುಡ್ಡು ತೆಗೆದುಕೊಳ್ಳುವ ನಮಗಿಂತ ಚೆನ್ನಾಗಿ ಫೈಲು ಓದಿರುತ್ತಾರೆ. ಹೋಗಿ ಮಾತಾಡಿ, ಪ್ರಶ್ನೆ ಕೇಳಿ.

ಅಪೀಲು ಮುಗಿಯುವವರೆಗೆ ಜಾಮೀನು ಸಿಗುತ್ತಾ?

ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಅಂತ ಕೇಳಬಹುದು, ದಂಡ ಪ್ರಕ್ರಿಯಾ ಸಂಹಿತೆಯ ಹಳೇ 389, ಹೊಸ 430. ಕೊಲೆ ಕೇಸಿನಲ್ಲಿ ಸುಲಭ ಅಲ್ಲ. ಸರ್ಕಾರಿ ವಕೀಲರಿಗೆ ಲಿಖಿತವಾಗಿ ವಿರೋಧಿಸಲು ಅವಕಾಶ ಕೊಡಬೇಕು. ತೀರ್ಪಿನ ಮೇಲ್ನೋಟಕ್ಕೇ ದೊಡ್ಡ ತೂತು ಕಂಡರೆ, ಅಥವಾ ವಿಚಾರಣೆ ವೇಳೆ ಜಾಮೀನಿನಲ್ಲಿದ್ದು ತೊಂದರೆ ಮಾಡಿಲ್ಲ ಅಂದರೆ, ಅಥವಾ ಜೈಲಿನಲ್ಲಿ ಬಹಳ ವರ್ಷ ಕಳೆದಿದ್ದು ಅಪೀಲು ಸದ್ಯಕ್ಕೆ ಬರುವ ಲಕ್ಷಣವೇ ಇಲ್ಲ ಅಂದರೆ ಬಲ ಬರುತ್ತದೆ. ಅಪೀಲನ್ನು ತಕ್ಕ ಸಮಯದಲ್ಲಿ ಕೇಳಲು ಆಗದಿದ್ದರೆ ಮನುಷ್ಯನನ್ನು ಸುಮ್ಮನೆ ಒಳಗಿಡುವುದು ಸರಿಯಲ್ಲ ಅಂತ 1977ರ ಕಾಶ್ಮೀರಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಸಲ ವಜಾ ಆದರೆ ಅಷ್ಟಕ್ಕೇ ಮುಗಿಯಲಿಲ್ಲ, ಸಮಯ ಕಳೆದ ಮೇಲೆ ಮತ್ತೆ ಹಾಕಬಹುದು.

ಎರಡೂ ಕಡೆಯವರು ರಾಜಿ ಆಗಿದ್ದೇವೆ. ಕೇಸು ವಾಪಸ್ ಆಗುತ್ತಾ?

ಇಲ್ಲ. ಕೊಲೆ ಕೇಸಿಗೆ ರಾಜಿ ಇಲ್ಲ. ಮಠದಲ್ಲಿ ಕೂತು ಮಾತಾಡಿದರೂ ಇಲ್ಲ.

ಆ ದಿನ ಹೇಳದ ಸಾಕ್ಷಿ ಈಗ ಹೇಳುತ್ತೇನೆ ಅಂತಿದ್ದಾನೆ. ನಾರ್ಕೋ ಟೆಸ್ಟಿಗೂ ನಾವು ರೆಡಿ.

ಹೈಕೋರ್ಟಿಗೆ ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಇದೆ, ಆದರೆ ಇಷ್ಟು ದಿನ ಎಲ್ಲಿದ್ದೆ ಅನ್ನುವ ಪ್ರಶ್ನೆಗೆ ನಂಬುವಂಥ ಉತ್ತರ ಬೇಕು. ಅವನಿಂದ ಛಾಪಾ ಕಾಗದದಲ್ಲಿ ಬರೆಸಿಕೊಂಡು ತಂದರೆ ಅದರಿಂದ ಏನೂ ಆಗುವುದಿಲ್ಲ, ಎಷ್ಟೋ ಸಲ ಸಾಕ್ಷಿಯನ್ನು ಒಲಿಸಿಕೊಂಡ ಹಾಗೆ ಕಾಣುತ್ತದೆ. ನಾರ್ಕೋ ಅಂತೂ ಬೇಡವೇ ಬೇಡ. 2010ರ ಸೆಲ್ವಿ ಕೇಸಿನಲ್ಲಿ, ಅದು ಕರ್ನಾಟಕದ್ದೇ, ಬಲವಂತದಿಂದ ಈ ಪರೀಕ್ಷೆ ಮಾಡುವ ಹಾಗಿಲ್ಲ, ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶ ಸಾಕ್ಷ್ಯ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಹೈಕೋರ್ಟ್ ಏನೇನು ಮಾಡಬಹುದು?

ಇಬ್ಬರು ನ್ಯಾಯಮೂರ್ತಿಗಳು ಕೇಳುತ್ತಾರೆ. ಸಾಕ್ಷಿಗಳು ಮತ್ತೆ ಬರುವುದಿಲ್ಲ, ಕೆಳಗಿನ ಕೋರ್ಟಿನ ಕಡತ ಪೂರ್ತಿ ಅಲ್ಲಿಗೆ ಹೋಗುತ್ತದೆ, ಸಾಕ್ಷ್ಯವನ್ನೆಲ್ಲ ಅವರು ಹೊಸದಾಗಿ ತೂಗುತ್ತಾರೆ. ಖುಲಾಸೆ ಮಾಡಬಹುದು, ಅಪೀಲು ವಜಾ ಮಾಡಬಹುದು, ಮರುವಿಚಾರಣೆಗೆ ವಾಪಸ್ ಕಳಿಸಬಹುದು. ನಡುವಿನ ದಾರಿಯೂ ಒಂದಿದೆ: ಕೊಲೆ ಸಾಬೀತಾಗಿಲ್ಲ, ಆದರೆ ಸಾಕ್ಷ್ಯ ನಾಶ ಮಾಡಿದ್ದು ಸಾಬೀತಾಗಿದೆ ಅಂತ ಹಳೇ ದಂಡ ಸಂಹಿತೆಯ 201ಕ್ಕೆ, ಹೊಸ ನ್ಯಾಯ ಸಂಹಿತೆಯ 238ಕ್ಕೆ, ಮಾತ್ರ ಶಿಕ್ಷೆ ಉಳಿಸುವುದು. ಅದಕ್ಕೆ ಹೆಚ್ಚೆಂದರೆ 7 ವರ್ಷ. ಅಷ್ಟರಲ್ಲಿ ಅಷ್ಟು ಕಾಲ ಒಳಗೇ ಕಳೆದಿದ್ದರೆ ಹೊರಗೆ ಬರುತ್ತಾನೆ.

ಅಪೀಲು ಬಾಕಿ ಇರುವಾಗಲೇ ಅವನು ಸತ್ತರೆ ಅಪೀಲೂ ಸಾಯುತ್ತದೆ, ಹತ್ತಿರದ ಸಂಬಂಧಿಕರು 30 ದಿನದೊಳಗೆ ಮುಂದುವರಿಸಲು ಅನುಮತಿ ಕೇಳಿದರೆ ಮಾತ್ರ ಉಳಿಯುತ್ತದೆ. ಕಳಂಕ ಹೋಗಲಿ ಅಂತ ಹಾಗೆ ನಡೆಸುವವರೂ ಇದ್ದಾರೆ.

ನಾವು ಸತ್ತವರ ಕಡೆಯವರು. ನಮ್ಮ ಮಾತು ಯಾರು ಕೇಳುತ್ತಾರೆ?

ಈ ಪ್ರಶ್ನೆ ಕೇಳಲು ಬರುವವರು ಕಡಿಮೆ, ನಮ್ಮಂಥವರನ್ನು ಕಂಡರೆ ಸಿಟ್ಟು, ಅದು ಸಹಜವೇ. ಸರ್ಕಾರಿ ವಕೀಲರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ಸೆಷನ್ಸ್ ಕೋರ್ಟೇ ಖುಲಾಸೆ ಮಾಡಿದರೆ ಅದರ ಮೇಲೆ ಅಪೀಲು ಹಾಕುವ ಹಕ್ಕು ನಿಮಗೂ ಇದೆ. ಹೈಕೋರ್ಟ್ ಖುಲಾಸೆ ಮಾಡಿದರೆ ಸುಪ್ರೀಂ ಕೋರ್ಟಿನ ಅನುಮತಿ ಕೇಳಬೇಕು. ತನಿಖೆ ಸಡಿಲವಾಗಿ ನಡೆದದ್ದಕ್ಕೆ ಬೆಲೆ ತೆರುವವರು ನೀವೂ ಹೌದು. ಮಹಜರನ್ನು ಠಾಣೆಯಲ್ಲಿ ಕೂತು ಬರೆದರೆ ನಿಜವಾದ ಕೊಲೆಗಾರನೂ ಅದೇ ತೂತಿನಿಂದ ಹೊರಗೆ ಹೋಗುತ್ತಾನೆ.

ನಿಜ ಹೇಳಿ, ಅವನೇ ಮಾಡಿದ್ದಾ ಇಲ್ವಾ ಅಂತ ನಿಮಗೆ ಗೊತ್ತಾಗುತ್ತಾ?

ಇಲ್ಲ. ಅಪೀಲಿನಲ್ಲಿ ಆ ಪ್ರಶ್ನೆಯೂ ಅಲ್ಲ.

ವಕೀಲರ ಹತ್ತಿರ ಬರುವಾಗ ಏನು ತರಬೇಕು?

ಕಥೆ ಬೇಡ, ಕಾಗದ ತನ್ನಿ. ತೀರ್ಪು, ಚಾರ್ಜ್‌ಶೀಟು, ಸಾಕ್ಷಿಗಳ ಹೇಳಿಕೆ ಮತ್ತು ಪಾಟಿ ಸವಾಲಿನ ನಕಲು, ನಿ.ಪಿ. ಅಂತ ಗುರುತು ಹಾಕಿದ (ಸರ್ಕಾರದ ಕಡೆಯಿಂದ ಹಾಜರುಪಡಿಸಿದ) ದಾಖಲೆಗಳು, ಮರಣೋತ್ತರ ವರದಿ, ಪ್ರಯೋಗಾಲಯದ ವರದಿ, 313ರ ಹೇಳಿಕೆ. ಸಾಕ್ಷಿ ಹೇಳಿಕೆಗಳು ಕನ್ನಡದಲ್ಲೇ ಇರುತ್ತವೆ, ಬರುವ ಮೊದಲು ನೀವೇ ಒಂದು ಸಲ ಓದಿ. ಅಂಗಡಿ ಕಟ್ಟೆಯಿಂದ ತೋಟದ ದಾರಿ ಕಾಣುತ್ತದಾ, ಆ ಸಂಜೆ ಕರೆಂಟ್ ಇತ್ತಾ, ನಡುವೆ ಹಳ್ಳ ತುಂಬಿತ್ತಾ ಅನ್ನುವುದೆಲ್ಲ ಬೆಂಗಳೂರಿನಲ್ಲಿ ಕೂತ ವಕೀಲರಿಗೆ ಹೊಳೆಯುವುದಿಲ್ಲ, ನಿಮಗೆ ಹೊಳೆಯುತ್ತದೆ. ಓದುತ್ತಾ ಹೋದ ಹಾಗೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಪೆನ್ನು ಬೇಡ. ಎಲ್ಲವನ್ನೂ ಗೊಬ್ಬರದ ಖಾಲಿ ಚೀಲದೊಳಗೆ ಸುತ್ತಿ ತನ್ನಿ, ಹೋದ ಮಳೆಗಾಲದಲ್ಲಿ ಹೊಸನಗರದಿಂದ ಬಂದವರ ಕಡತ ಬಸ್ಸಿನ ಕಿಟಕಿ ಪಕ್ಕ ನೆಂದು, ಡಾಕ್ಟರ ಹೇಳಿಕೆಯ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರದೆ ಮತ್ತೆ ನಕಲು ಅರ್ಜಿ ಹಾಕಬೇಕಾಯಿತು.